ಮೊಲ ಯಾರ ಸೊತ್ತು?

ನಿಮ್ಮ ಹೊಲದಲ್ಲಿ ಮೇದು ಬೆಳೆದ ಮೊಲ ಯಾರದು? ನಮ್ಮದೇ ಎನ್ನುತ್ತೀರಿ, ಅಲ್ಲವೆ? ಕಾನೂನು ಹಾಗೆನ್ನುವುದಿಲ್ಲ.

ಹೂಡಿ ಮೈಸೂರು ಸಂಸ್ಥಾನದ ಹಳ್ಳಿಯಾಗಿದ್ದಾಗಲೇ, 1901ರಲ್ಲಿ, ಬೇಟೆಯ ಪ್ರಾಣಿ ಮತ್ತು ಮೀನುಗಳ ರಕ್ಷಣೆಗೆಂದು ಸಂಸ್ಥಾನವು ಒಂದು ರೆಗ್ಯುಲೇಷನ್ ತಂದಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಮೊಲವನ್ನು ‘ಸಣ್ಣ ಬೇಟೆ’ಯ ಪಟ್ಟಿಗೆ ಸೇರಿಸಿತು. ಲೈಸೆನ್ಸ್ ಉಳ್ಳವನು ಹೊಡೆಯಬಹುದಿತ್ತು. ಆದರೆ ಹೊಡೆದದ್ದಕ್ಕೆಲ್ಲ ಲೆಕ್ಕ ಬರೆದಿಡಬೇಕಿತ್ತು. 1991ರ ತಿದ್ದುಪಡಿಯಿಂದ ಆ ಲೈಸೆನ್ಸೇ ಹೋಯಿತು.

ಹೂಡಿಯ ಹೊಲಗಳಲ್ಲಿ ಈಗ ಕಂಪನಿಗಳ ಕಟ್ಟಡಗಳೆದ್ದಿವೆ. ಬಯಲುಸೀಮೆಯಲ್ಲಿ ಉರುಲು ಒಡ್ಡುವ ಅಭ್ಯಾಸ ಮಾತ್ರ ಪೂರ್ತಿ ಹೋಗಿಲ್ಲ. ಗಾರ್ಡು ಹಿಡಿದಾಗ “ನನ್ನ ಬೆಳೆ ತಿಂತು ಸ್ವಾಮಿ” ಎಂದರೆ ನಡೆಯದು. ಕಾಯಿದೆ ಮೀರಿ ಹೊಡೆದ ಮೊಲ ಸರ್ಕಾರದ ಸೊತ್ತು. ತಾನಾಗಿ ಸತ್ತು ಬಿದ್ದದ್ದೂ ಸರ್ಕಾರದ್ದೇ! ಅದು ಕೈಗೆ ಬಂದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸಬೇಕು. ಮಾಂಸ ಮನೆಯಲ್ಲಿ ಸಿಕ್ಕಿತೋ, ತಪ್ಪಿಲ್ಲವೆಂದು ತೋರಿಸುವ ಹೊಣೆ ನಿಮ್ಮದೇ.

ಆದ್ದರಿಂದ ಬೆಳೆ ಹಾಳಾದರೆ ಉರುಲು ಒಡ್ಡಬೇಡಿ. ಅರಣ್ಯ ಇಲಾಖೆಗೆ ಅರ್ಜಿ ಕೊಡಿ. ಮೊಲ ತಿಂದದ್ದು ನಾಲ್ಕು ಸಾಲು ಬೆಳೆ. ಕೋರ್ಟಿಗೆ ಅಲೆದರೆ ಬಿತ್ತನೆಯ ಕಾಲವೇ ಕಳೆದೀತು.