ಕಾಳಿಂಗನ ಗೋತ್ರ

ಕಾಳಿಂಗಸರ್ಪವೂ ನಾಗರಹಾವಿನ ಒಂದು ಬಗೆ ಎಂದೇ ನಾನು ಬಹಳ ಕಾಲ ನಂಬಿದ್ದೆ. ಹೆಡೆಯಿದ್ದದ್ದೆಲ್ಲ ನಾಗರವಲ್ಲವೆ? ಹೀಗೆ ಮೋಸಹೋದವನು ನಾನೊಬ್ಬನೇ ಅಲ್ಲವೆಂದು ತಿಳಿದದ್ದು ಈ ಹಾವಿನ ನಾಮಕರಣದ ಚರಿತ್ರೆಯನ್ನು ಓದಿದಾಗ.

ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿದ್ದ ಡೆನ್ಮಾರ್ಕಿನ ಕ್ಯಾಂಟರ್, ಬಂಗಾಳದ ಕಾಳಿಂಗನಿಗೆ 1836ರಲ್ಲಿ ‘ಹಮಡ್ರಯಾಸ್ ಹನ್ನಾ’ ಎಂದು ಹೆಸರಿಟ್ಟ. ಹಮಡ್ರಯಾಸ್ ಎಂದರೆ ಗ್ರೀಕರ ವೃಕ್ಷದೇವತೆ. ಹೆಸರೇನೋ ಚೆಂದವೇ, ಆದರೆ ಅದನ್ನು ಅಷ್ಟರಲ್ಲಾಗಲೇ ಚಿಟ್ಟೆಗಳ ಒಂದು ಕುಲಕ್ಕೆ ಕೊಟ್ಟಾಗಿತ್ತು! ಮರುವರ್ಷ ಶ್ಲೇಗಲ್ ಕಾಳಿಂಗನನ್ನು ನಾಗರದ ಕುಲವಾದ ‘ನಾಜ’ಕ್ಕೆ ಸೇರಿಸಿದ. 1864ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಗುಂಥರ್ ಅಲ್ಲಿಂದ ಎಬ್ಬಿಸಿ ‘ಓಫಿಯೊಫೇಗಸ್’, ಅಂದರೆ ಹಾವುಗಳನ್ನು ತಿನ್ನುವಂಥದು, ಎಂಬ ಸ್ವಂತ ಕುಲವನ್ನು ಕಟ್ಟಿಕೊಟ್ಟ. ಅದೇ ಮ್ಯೂಸಿಯಮ್ಮಿನ ಬುಲೆಂಜರ್ 1896ರ ತನ್ನ ಪಟ್ಟಿಯಲ್ಲಿ ಅದನ್ನು ಮತ್ತೆ ನಾಗರದ ಪಂಕ್ತಿಯಲ್ಲೇ ಕೂರಿಸಿದ. 1943ರಲ್ಲಿ ಮಾಲ್ಕಮ್ ಸ್ಮಿತ್ ಕೂಡ ಅಲ್ಲಿಂದ ಏಳಿಸಲಿಲ್ಲ. ಕೊನೆಗೆ ಉಳಿದದ್ದು ಗುಂಥರನ ಕುಲ, ಕ್ಯಾಂಟರನ ಹನ್ನಾ.

ವಾದವೆಲ್ಲ ಯಾವ ಗುರುತನ್ನು ನಂಬಬೇಕೆಂಬುದರ ಮೇಲೆ. ಹೆಡೆಯನ್ನು ನೋಡಿದರೆ ಎರಡೂ ದಾಯಾದಿಗಳು. ತಲೆಯ ಹಿಂಬದಿಯನ್ನು ನೋಡಿದರೆ ಕಾಳಿಂಗನಿಗೆ ಎರಡು ದೊಡ್ಡ ಹುರುಪೆಗಳಿವೆ, ನಾಗರಕ್ಕಿಲ್ಲ. ಮುಂದೆ ವಂಶವಾಹಿಗಳ ಪರೀಕ್ಷೆಯೂ ಕಾಳಿಂಗ ‘ನಾಜ’ದ ಒಳಗಿನದಲ್ಲವೆಂದಿತು.

ಇದು ಪಂಡಿತರ ಕಾಲಹರಣವೆಂದು ನಗುವವರುಂಟು. ನಾನೂ ನಕ್ಕವನೇ. ಆದರೆ ಸಂಶೋಧಕ ಗೌರಿ ಶಂಕರರಿಗೆ 2005ರಲ್ಲಿ ಕಾಳಿಂಗ ಕಚ್ಚಿತು. ಭಾರತದ ಪ್ರತಿವಿಷ ತಯಾರಾಗುತ್ತಿದ್ದುದು ನಾಗರ, ಕಟ್ಟುಹಾವು ಮತ್ತು ಎರಡು ಬಗೆಯ ಮಂಡಲದ ಹಾವುಗಳ ವಿಷದಿಂದ. ಅವರಿಗೆ ಕೊಟ್ಟದ್ದು ಥಾಯ್ಲೆಂಡಿನ ಕಾಳಿಂಗನ ಪ್ರತಿವಿಷ. ಅದು ಎಣಿಸಿದಂತೆ ಕೆಲಸ ಮಾಡಲಿಲ್ಲ. ಹೆಸರು ಒಂದೇ, ಹಾವು ಒಂದೇ ಹೌದೆ? ಬದುಕಿ ಬಂದವರು ಈ ಪ್ರಶ್ನೆಯ ಬೆನ್ನು ಹತ್ತಿದರು.

2021ರಲ್ಲಿ ಅವರೂ ಸಂಗಡಿಗರೂ ವಂಶವಾಹಿಗಳನ್ನು ಹೋಲಿಸಿ, ಒಂದೆಂದುಕೊಂಡಿದ್ದ ಹನ್ನಾದಲ್ಲಿ ನಾಲ್ಕು ಕವಲುಗಳನ್ನು ಕಂಡರು. ಆಮೇಲೆ ಮ್ಯೂಸಿಯಮ್ಮುಗಳಲ್ಲಿದ್ದ ಹಾವುಗಳ ಮೈಪಟ್ಟೆಗಳನ್ನು ಎಣಿಸಿದರು. ಪಶ್ಚಿಮಘಟ್ಟದವಕ್ಕೆ ಪಟ್ಟೆಗಳು 40ನ್ನು ಮೀರವು. 2024ರಲ್ಲಿ ನಾಲ್ಕಕ್ಕೂ ಬೇರೆ ಬೇರೆ ಪ್ರಭೇದದ ಸ್ಥಾನ ಕೊಟ್ಟರು. ‘ಹನ್ನಾ’ ಎಂಬುದು ಉತ್ತರದ ಕವಲಿಗೆ ಉಳಿಯಿತು. ಘಟ್ಟದ ನಮ್ಮ ಹಾವಿಗೆ ಇಟ್ಟ ಹೆಸರು, ಮಲೆನಾಡಿನವರ ಬಾಯಿಂದಲೇ ಎತ್ತಿಕೊಂಡದ್ದು: ‘ಓಫಿಯೊಫೇಗಸ್ ಕಾಳಿಂಗ’.