ಮಾತಿಲ್ಲದ ಗಿಟಾರಿಗೆ ನಮ್ಮ ಸನಾದಿಯೇ ಅಣ್ಣ

ಕಲಬುರಗಿಯ ಬ್ರಹ್ಮಪುರದಲ್ಲಿ ಒಂದು ಸಂಜೆ ನಾವು ಗೆಳೆಯರು ಮೊಬೈಲಿನಲ್ಲಿ ಗಿಟಾರ್ ಕೇಳುತ್ತ ಕೂತಿದ್ದೆವು. ಪಕ್ಕದಲ್ಲಿದ್ದ ಹಿರಿಯರು ಐದು ನಿಮಿಷ ಕಾದು ಕೇಳಿದರು: "ಹಾಡ ಯಾವಾಗ ಸುರು ಆಗ್ತದೋ ತಮ್ಮಾ?"

ಅದರಲ್ಲಿ ಹಾಡೇ ಇರಲಿಲ್ಲ. ನಗು ಬಂತು, ಆಮೇಲೆ ಯೋಚನೆಯೂ ಬಂತು.

ಮಾತಿಲ್ಲದ ಸಂಗೀತ ನಮಗೇನು ಹೊಸದೇ? ಮದುವೆ, ಜಾತ್ರೆ, ಪಲ್ಲಕ್ಕಿ ಎಂದರೆ ಸನಾದಿ, ಹಲಗಿ, ಸಂಬಾಳ. ಅಲ್ಲಿ ಯಾರೂ ಹಾಡೆಲ್ಲಿ ಎಂದು ಕೇಳಲಿಲ್ಲ. 1977ರ 'ಸನಾದಿ ಅಪ್ಪಣ್ಣ' ಚಿತ್ರದಲ್ಲಿ ರಾಜಕುಮಾರ್ ಪಾತ್ರಕ್ಕೆ ಶಹನಾಯಿ ನುಡಿಸಿದವರು ಬಿಸ್ಮಿಲ್ಲಾ ಖಾನ್. ಆ ನಾದ ಇಂದಿಗೂ ಜನರ ಕಿವಿಯಲ್ಲಿದೆ.

ಗಿಟಾರ್ ಹೊರಗಿನಿಂದ ಬಂದದ್ದು. ಅದಕ್ಕೊಂದು ತೊಡಕಿತ್ತು. ಅದರ ಉದ್ದನೆಯ ಕತ್ತಿನ ಮೇಲೆ ಲೋಹದ ಅಡ್ಡಪಟ್ಟಿಗಳಿವೆ. ಸ್ವರ ಮೆಟ್ಟಿಲು ಹತ್ತಿದಂತೆ ಸಾಗುತ್ತದೆ. ನಮ್ಮ ರಾಗಕ್ಕೆ ಬೇಕಾದದ್ದು ಒಂದರಿಂದ ಇನ್ನೊಂದಕ್ಕೆ ಜಾರುವ ಸ್ವರ, ಅಂದರೆ ಮೀಂಡ್. ಹವಾಯಿ ದ್ವೀಪದವರು ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸುವ ಉಪಾಯ ಕಂಡುಕೊಂಡಿದ್ದರು. ಅದನ್ನೇ ಹಿಡಿದು ಬ್ರಿಜ್ ಭೂಷಣ್ ಕಾಬ್ರಾ ಹಿಂದೂಸ್ತಾನಿ ರಾಗ ನುಡಿಸಿದರು. 1967ರಲ್ಲಿ ಅವರು, ಸಂತೂರಿನ ಶಿವಕುಮಾರ್ ಶರ್ಮಾ ಮತ್ತು ಕೊಳಲಿನ ಹರಿಪ್ರಸಾದ್ ಚೌರಾಸಿಯಾ ಸೇರಿ 'ಕಾಲ್ ಆಫ್ ದ ವ್ಯಾಲಿ' ಮಾಡಿದರು. ಕಾಶ್ಮೀರದ ಕುರಿಗಾಹಿಯ ಒಂದು ದಿನದ ಕಥೆ, ಒಂದೂ ಮಾತಿಲ್ಲದೆ. ಇದೇ ಬಗೆಯಲ್ಲಿ ಗಿಟಾರನ್ನು ಮಾರ್ಪಡಿಸಿ 'ಮೋಹನ ವೀಣೆ' ಮಾಡಿದ ವಿಶ್ವಮೋಹನ್ ಭಟ್ಟರಿಗೆ 1994ರಲ್ಲಿ ಗ್ರ್ಯಾಮಿ ಬಂತು. ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಕೂಡ ಇದೇ ಹಾದಿಯವರು.

ಅದೇ 1994ರಲ್ಲಿ ಇಂಗ್ಲೆಂಡಿನ ವಿಮರ್ಶಕ ಸೈಮನ್ ರೆನಾಲ್ಡ್ಸ್ 'ಪೋಸ್ಟ್ ರಾಕ್' ಎಂಬ ಹೆಸರನ್ನು ಬಳಕೆಗೆ ತಂದರು. ರಾಕ್ ಸಂಗೀತದ ವಾದ್ಯಗಳೇ, ಆದರೆ ಕೆಲಸ ಬೇರೆ. ಇಲ್ಲಿ ಹೆಚ್ಚಾಗಿ ಪಲ್ಲವಿ, ಚರಣ ಇರುವುದಿಲ್ಲ. ಗಿಟಾರ್ ಮೆಲ್ಲಗೆ ಶುರುವಾಗಿ, ಮೋಡ ಕಟ್ಟಿದಂತೆ ದಟ್ಟವಾಗಿ, ಮಳೆ ಸುರಿದು ನಿಲ್ಲುತ್ತದೆ. ಬೆಂಗಳೂರಿನ 'ಅಂಟಿಲ್ ವಿ ಲಾಸ್ಟ್' ಇಂಥ ಸಂಗೀತ ಮಾಡಿದ ತಂಡ. ನಿಧಾನವಾಗಿ ಏರುವುದು ನಮಗೆ ಗೊತ್ತಿಲ್ಲದ್ದೇನಲ್ಲ: ಆಲಾಪದಿಂದ ದ್ರುತಕ್ಕೆ ಹೋಗುವ ಖಯಾಲನ್ನು ಕೇಳಿದ ನಾಡು ಇದು.

ಈಗ ಮದುವೆ ಮೆರವಣಿಗೆಗೆ ಡಿಜೆ ಬಂದಿದೆ, ಸನಾದಿಯವರಿಗೆ ಕರೆ ಕಡಿಮೆಯಾಗಿದೆ. ಮಾತಿಲ್ಲದ್ದನ್ನು ಕೇಳುವ ಕಿವಿ ನಮ್ಮಲ್ಲಿ ಹೋದರೆ ನಷ್ಟ ದೂರದ ಗಿಟಾರಿನವನಿಗಲ್ಲ, ಪಕ್ಕದ ಓಣಿಯ ಸನಾದಿಯವನಿಗೆ.

ಆ ಹಿರಿಯರಿಗೆ ನಾವು ಹೇಳಿದ್ದು ಇಷ್ಟೇ: "ಕಾಕಾ, ಸನಾದಿ ಕೇಳಿದಂಗ ಕೇಳ್ರಿ." ಅವರು ಕಣ್ಣು ಮುಚ್ಚಿದರು. ಮುಗಿಯುವ ತನಕ ಎದ್ದು ಹೋಗಲಿಲ್ಲ.