ಹಾಸುವ ಹಾಸಿಗೆ, ನಿಂತ ಮಂಚ: ದಂಪತಿಗಳ ಮಲಗುವ ವ್ಯವಸ್ಥೆಯ ಬಗ್ಗೆ ಒಂದು ಟಿಪ್ಪಣಿ

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯನ್ನು ದಾಂಪತ್ಯದ ಬಗ್ಗೆ ಬರೆಯುವವರು ಮತ್ತೆ ಮತ್ತೆ ಸಾಕ್ಷಿಗೆ ಕರೆಯುತ್ತಾರೆ. ಒಂದೇ ಹಾಸಿಗೆಗೆ ಬಂದಾಗ ಮುನಿಸು ಕರಗುತ್ತದೆ ಎಂದು ಅದಕ್ಕೆ ಅರ್ಥ ಹೇಳುವುದು ವಾಡಿಕೆ. ಆದರೆ ಗಾದೆಯ ಮಾತುಗಳನ್ನಷ್ಟೇ ಹಿಡಿದು ಓದಿದರೆ ಅಲ್ಲಿ ಹಾಸಿಗೆಯ ಸುದ್ದಿಯೇ ಇಲ್ಲ. ಉಣ್ಣುವುದು, ಮಲಗುವುದು ಎರಡೂ ದಿನ ಮುಗಿಯಿತು ಎನ್ನುವುದರ ಗುರುತುಗಳು. ಯಾರು ಎಲ್ಲಿ ಮಲಗಿದರು, ಯಾರ ಪಕ್ಕ ಮಲಗಿದರು ಎಂಬುದನ್ನು ಗಾದೆ ಹೇಳುವುದಿಲ್ಲ. ಆ ಜಾಗಕ್ಕೆ ಇಬ್ಬರು ಮಲಗುವ ಒಂದು ಹಾಸಿಗೆಯನ್ನು ತಂದಿಟ್ಟವರು ಓದುಗರಾದ ನಾವು. ಹೀಗೆ ತಂದಿಡುವುದು ನಮಗೆ ಇಷ್ಟು ಸಹಜವಾಗಿ ಕಂಡಿದ್ದು ಹೇಗೆ ಎಂಬುದು ಈ ಟಿಪ್ಪಣಿಯ ವಿಷಯ.

ಮೊದಲು ಪದದಿಂದಲೇ ಹೊರಡುವುದು ಒಳ್ಳೆಯದು. ‘ಹಾಸಿಗೆ’ ಎಂಬುದು ‘ಹಾಸು’ ಎಂಬ ಕ್ರಿಯಾಪದದಿಂದ ಬಂದಿದೆ. ಹಳಗನ್ನಡದಲ್ಲಿ ಅದು ‘ಪಾಸು’. ಎಂದರೆ ನಮ್ಮ ಭಾಷೆಯಲ್ಲಿ ಮಲಗುವ ತಾಣಕ್ಕೆ ಹೆಸರು ಬಂದದ್ದು ಒಂದು ಕೆಲಸದಿಂದ. ರಾತ್ರಿ ಹಾಸಬೇಕು, ಬೆಳಿಗ್ಗೆ ಎತ್ತಬೇಕು. ಚಾಪೆ ಸುತ್ತಿ ಮೂಲೆಗೆ ನಿಲ್ಲಿಸಿ, ಕೌದಿ, ಕಂಬಳಿ, ದುಪ್ಪಟಿಗಳನ್ನು ಮಡಚಿ ಪೇರಿಸಿಟ್ಟರೆ ಅದೇ ನಡುಮನೆ ಹಗಲಿಗೆ ಉಣ್ಣುವ ಜಾಗ, ಅಕ್ಕಿ ಆರಿಸುವ ಜಾಗ. ಸಂಸ್ಕೃತದ ‘ಶಯ್ಯೆ’ಯಿಂದ ಬಂದ ‘ಸೆಜ್ಜೆ’, ‘ಸಜ್ಜೆ’ ಎಂಬ ತದ್ಭವಗಳು ಹಳೆಯ ಕಾವ್ಯಗಳಲ್ಲಿವೆ. ‘ಸಜ್ಜೆಮನೆ’ ಎಂದರೆ ಮಲಗುವ ಮನೆ. ಆದರೆ ಅದು ಅರಮನೆಯ ಮಾತು. ರೈತರ ಮನೆಯಲ್ಲಿ ಕೋಣೆ ಎಂದರೆ ಒಂದೇ ಕೋಣೆ. ದವಸದ ಗುಡಾಣ, ಟ್ರಂಕು, ದೇವರ ಪಟ, ಎಲ್ಲವೂ ಅದರೊಳಗೇ.

ಹಾಸಿಗೆ ದಿನವೂ ಹಾಸುವಂಥದ್ದಾದರೆ ಯಾರ ಪಕ್ಕ ಯಾರು ಎಂಬುದೂ ದಿನವೂ ತೀರ್ಮಾನವಾಗಬೇಕಾದ ವಿಷಯವಾಗುತ್ತದೆ. ಇದೇ ನನ್ನ ವಾದದ ತಿರುಳು. ‘ಒಂದೇ ಹಾಸಿಗೆಯೋ, ಬೇರೆ ಬೇರೆಯೋ’ ಎಂಬ ಪ್ರಶ್ನೆ ಮಂಚ ಬಂದ ಮೇಲೆ ಹುಟ್ಟಿದ್ದು. ಮಂಚ ನಿಂತಲ್ಲೇ ನಿಲ್ಲುತ್ತದೆ. ಅದರ ಮೇಲಿನ ಎಡೆಗಳನ್ನು ಒಮ್ಮೆ ಹಂಚಿದರೆ ಆಯಿತು. ಹಾಸುವ ಮನೆಯಲ್ಲಿ ಆ ಹಂಚಿಕೆ ಸಂಜೆಯ ಕೆಲಸಗಳಲ್ಲಿ ಒಂದು, ಅದನ್ನು ಮಾಡುವವರು ಹೆಚ್ಚಾಗಿ ಮನೆಯ ಹಿರಿಯ ಹೆಂಗಸು.

ಆ ಕೆಲಸದ ವಿವರಗಳು ಶ್ರೀಮಂತವಾಗಿವೆ. ಹಳೆ ಮೈಸೂರು ಸೀಮೆಯ ತೊಟ್ಟಿಮನೆಯಲ್ಲಾಗಲಿ, ಬಯಲುಸೀಮೆಯ ಪಡಸಾಲೆ ಮನೆಯಲ್ಲಾಗಲಿ ರಾತ್ರಿಯ ನಕ್ಷೆ ಹಗಲಿನದಕ್ಕಿಂತ ಬೇರೆ. ಗಂಡಸರು ಜಗಲಿಯಲ್ಲಿ, ಕಟ್ಟೆಯ ಮೇಲೆ, ಬೇಸಿಗೆಯಲ್ಲಿ ಮಾಳಿಗೆಯ ಮೇಲೆ. ಸುಗ್ಗಿಯಲ್ಲಿ ಕಣದ ಕಾವಲಿಗೆ ಹೊಲದಲ್ಲೇ. ಹೆಂಗಸರು, ಮಕ್ಕಳು ಒಳಗೆ. ಎಳೆಗೂಸು ತಾಯಿಯ ಮಗ್ಗುಲಲ್ಲಿ, ಅದಕ್ಕಿಂತ ದೊಡ್ಡದು ಅಜ್ಜಿಯ ಮಗ್ಗುಲಲ್ಲಿ. ಇರುವ ಒಂದು ಕೋಣೆ ಹೊಸದಾಗಿ ಮದುವೆಯಾದ ಜೋಡಿಗೆ. ಸೊಸೆ ಬಂದಳೆಂದರೆ ಅತ್ತೆ ಮಾವ ಆ ಕೋಣೆ ಬಿಟ್ಟರು ಎಂದೇ ಅರ್ಥ. ಎರಡನೆಯ ಮಗನಿಗೆ ಮದುವೆಯಾದಾಗ ಮೊದಲನೆಯ ಜೋಡಿ ಮಕ್ಕಳೊಡನೆ ನಡುಮನೆಗೆ ಬಂತು. ಕೋಣೆ ಯಾರ ಸ್ವತ್ತೂ ಆಗಿರಲಿಲ್ಲ, ಸರದಿಯ ಮೇಲೆ ಕೈ ಬದಲಾಗುತ್ತಿತ್ತು. ಮೊಮ್ಮಕ್ಕಳನ್ನು ಮಗ್ಗುಲಿಗೆ ಹಾಕಿಕೊಂಡು ಮಲಗುವ ಅಜ್ಜಿಯನ್ನು ನಾವು ಕತೆ ಹೇಳುವವಳೆಂದು ನೆನೆಯುತ್ತೇವೆ. ಸೊಸೆ ಮತ್ತು ಮಗನಿಗೆ ಒಂದಿಷ್ಟು ಏಕಾಂತ ಸಿಗುವಂತೆ ಮಕ್ಕಳನ್ನು ತನ್ನ ಕಡೆಗೆ ಎಳೆದುಕೊಂಡವಳೂ ಅವಳೇ. ಈ ಉಪಕಾರಕ್ಕೆ ನಮ್ಮ ಬರಹಗಳಲ್ಲಿ ಸಲ್ಲಬೇಕಾದಷ್ಟು ಜಾಗ ಸಂದಿಲ್ಲ.

ದಂಪತಿಗಳು ಬೇರೆ ಮಲಗುವ ಕಾಲಗಳೂ ಹೀಗೆಯೇ ಗೊತ್ತಾಗಿದ್ದವು. ಆಷಾಢದಲ್ಲಿ ಹೊಸ ಸೊಸೆ ತವರಿಗೆ ಹೋಗುತ್ತಾಳೆ. ಆಷಾಢದಲ್ಲಿ ಗರ್ಭ ನಿಂತರೆ ಹೆರಿಗೆ ಬಿರುಬಿಸಿಲಿನ ಚೈತ್ರ ವೈಶಾಖಕ್ಕೆ ಬೀಳುತ್ತದೆ, ಬಿತ್ತನೆಯ ಹೊತ್ತಿನಲ್ಲಿ ಗಂಡಾಳು ಮನೆ ಹಿಡಿದು ಕೂರಬಾರದು ಎಂದು ಕಾರಣಗಳನ್ನು ಕೊಡುತ್ತಾರೆ. ಇವು ಆಚರಣೆಗೆ ಮೂಲವೋ, ಆಮೇಲೆ ಕಟ್ಟಿದ ಸಮರ್ಥನೆಯೋ ಎಂದು ತೀರ್ಪು ಕೊಡುವುದು ದುಡುಕಾಗುತ್ತದೆ. ಬಾಣಂತನದ ತಿಂಗಳುಗಳು, ಮುಟ್ಟಿನ ದಿನಗಳು, ವ್ರತದ ರಾತ್ರಿಗಳು ಇದೇ ಸಾಲಿನವು. ಇವುಗಳಲ್ಲಿ ಮುಟ್ಟಿನ ದೂರ ಹೆಂಗಸಿನ ಮೇಲೆ ಹೇರಿದ ಅಶೌಚದ ಭಾರ. ಅದನ್ನು ಬಾಣಂತಿಯ ವಿಶ್ರಾಂತಿಯ ಜೊತೆ ಸೇರಿಸಿ ಹೊಗಳುವುದು ತಪ್ಪು. ಆದರೂ ಒಂದು ಅಂಶ ಎಲ್ಲಕ್ಕೂ ಸಮಾನ: ಬೇರೆ ಮಲಗಿದರೆ ದಾಂಪತ್ಯ ಕೆಟ್ಟಿತೆಂದು ಯಾರೂ ತಿಳಿಯುತ್ತಿರಲಿಲ್ಲ. ಇಂದು ಪತ್ರಿಕೆಗಳು ‘ನಿದ್ರಾ ವಿಚ್ಛೇದನ’ ಎಂಬ ಮಾತನ್ನು ಇಂಗ್ಲಿಷಿನಿಂದ ತಂದು ಬಳಸುತ್ತಿವೆ. ವರ್ಷದಲ್ಲಿ ಹಲವು ರಾತ್ರಿ ಬೇರೆ ಮಲಗುವುದೇ ರೂಢಿಯಾಗಿದ್ದ ಮನೆಗಳ ಮಟ್ಟಿಗೆ ಆ ಮಾತು ಹೊಂದುವುದಿಲ್ಲ.

ನಿದ್ದೆ ಬೇರೆ, ಕೂಟ ಬೇರೆ ಎಂಬ ತಿಳಿವಳಿಕೆಗೂ ಹಳೆಯ ಆಧಾರವಿದೆ. ವಾತ್ಸ್ಯಾಯನನ ಕಾಮಸೂತ್ರದಲ್ಲಿ ನಾಗರಿಕನ ಹೊರಕೋಣೆಯ ವರ್ಣನೆ ಬರುತ್ತದೆ. ಅಲ್ಲಿ ಬಿಳಿಯ ಹೊದಿಕೆಯ ಮೆತ್ತನೆಯ ಶಯ್ಯೆ ಇದೆ, ಪಕ್ಕದಲ್ಲಿ ಇನ್ನೊಂದು ಚಿಕ್ಕ ಶಯ್ಯೆಯೂ ಇದೆ. ಆ ಎರಡನೆಯದು ಕೂಟಕ್ಕೆ ಎಂದು ಜಯಮಂಗಲಾ ವ್ಯಾಖ್ಯಾನ ಅರ್ಥ ಬಿಡಿಸುತ್ತದೆ. ಉಳ್ಳವರ ಮನೆಯ ಆದರ್ಶಚಿತ್ರವಿದು, ಊರ ರೂಢಿಯ ದಾಖಲೆಯಲ್ಲ. ಕನ್ನಡದ ಕಡೆಯಿಂದ ಜನ್ನನ ‘ಯಶೋಧರ ಚರಿತೆ’ (1209) ನೆನಪಾಗುತ್ತದೆ. ರಾಜನ ಪಕ್ಕದಲ್ಲಿ ಮಲಗಿದ್ದ ಅಮೃತಮತಿ ಮಾವುತನ ಹಾಡಿಗೆ ಸೋಲುವುದು, ಆಮೇಲೊಂದು ರಾತ್ರಿ ಅವಳು ಎದ್ದು ಹೋಗುವುದನ್ನು ಅರಿತು ರಾಜ ಹಿಂಬಾಲಿಸುವುದು, ಇವೆಲ್ಲ ನಡೆಯಬೇಕಾದರೆ ಇಬ್ಬರೂ ಒಂದೇ ಶಯ್ಯೆಯಲ್ಲಿ ಇರಲೇಬೇಕು. ಪಕ್ಕದಲ್ಲಿರುವವರ ಕದಲಿಕೆ ನಿದ್ದೆಯನ್ನು ಹೇಗೆ ಮುಟ್ಟುತ್ತದೆ ಎಂಬುದನ್ನು ಜನ್ನ ಕತೆಯ ಕೀಲಾಗಿ ಬಳಸಿದ್ದಾನೆ. ಇಷ್ಟರಿಂದ ಹದಿಮೂರನೆಯ ಶತಮಾನದ ಮನೆಗಳ ಬಗ್ಗೆ ಏನನ್ನೂ ಸಾಧಿಸಲಾಗದು. ಅರಮನೆಯ ಸಜ್ಜೆ ಕಾವ್ಯಕ್ಕೆ ಒದಗಿಬಂದ ಬಗೆಯಷ್ಟೇ ಇದರಿಂದ ತಿಳಿಯುತ್ತದೆ.

ಯಾರ ಪಕ್ಕ ಯಾರು ಎಂಬುದನ್ನೇ ಪ್ರಶ್ನೆಯಾಗಿಸಿದ ಎರಡು ಅಧ್ಯಯನಗಳು ಇಲ್ಲಿ ತುಂಬ ಉಪಯುಕ್ತ. ವಿಲಿಯಂ ಕಾಡಿಲ್ ಮತ್ತು ಡೇವಿಡ್ ಪ್ಲಾತ್ 1966ರಲ್ಲಿ ಜಪಾನಿನ ನಗರಗಳ ಕುಟುಂಬಗಳ ಬಗ್ಗೆ ಬರೆದರು. ಕೋಣೆಗಳು ಇದ್ದರೂ ಜನ ಒಟ್ಟಿಗೆ ಮಲಗಲು ಇಷ್ಟಪಡುವುದನ್ನು ಅವರು ಕಂಡರು. ಅಲ್ಲಿಯೂ ಹಾಸಿಗೆ ನೆಲದ ಮೇಲೆ ಹಾಸುವಂಥದ್ದೇ. ಬೆಳಿಗ್ಗೆ ಮಡಚಿ ಗೋಡೆಯ ಕಪಾಟಿಗೆ ಸೇರಿಸುತ್ತಾರೆ. ತಂದೆ ತಾಯಿಯ ನಡುವೆ ಮಗು ಮಲಗುವುದನ್ನು ಜಪಾನೀಯರು ‘ಕವಾ’ ಎಂಬ ಅಕ್ಷರದ ಆಕಾರಕ್ಕೆ ಹೋಲಿಸುತ್ತಾರೆ. ನದಿ ಎಂಬ ಅರ್ಥದ ಆ ಅಕ್ಷರಕ್ಕೆ ಮೂರು ನಿಲುವುಗೆರೆಗಳು, ನಡುವಿನದು ಗಿಡ್ಡ.

ಎರಡನೆಯದು ರಿಚರ್ಡ್ ಶ್ವೇಡರ್, ಲೀನ್ ಜೆನ್ಸನ್, ವಿಲಿಯಂ ಗೋಲ್ಡ್‌ಸ್ಟೈನ್ ಅವರು 1995ರಲ್ಲಿ ಪ್ರಕಟಿಸಿದ್ದು. ಭುವನೇಶ್ವರದ ದೇವಾಲಯದ ಸುತ್ತಲಿನ ಹಳೆಯ ಬಡಾವಣೆಯ ಒಡಿಯಾ ಜನರಿಗೂ ಶಿಕಾಗೋದ ಹೈಡ್ ಪಾರ್ಕ್‌ನ ಅಮೆರಿಕನ್ನರಿಗೂ ಅವರು ಒಂದೇ ಒಗಟು ಕೊಟ್ಟರು. ತಂದೆ, ತಾಯಿ, ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಸೇರಿ ಏಳು ಜನ. ಯಾರ್‍ಯಾರು ಒಂದು ಕೋಣೆಯಲ್ಲಿ ಮಲಗಬೇಕು, ಹಂಚಿ. ಬರಿಯ ಲೆಕ್ಕಕ್ಕೆ ಏಳು ಜನರನ್ನು ಗುಂಪು ಮಾಡುವ ಬಗೆಗಳು 877. ಎರಡೂ ಕಡೆಯ ಜನ ಒಪ್ಪಿದ್ದು ಅವುಗಳಲ್ಲಿ ಬೆರಳೆಣಿಕೆಯಷ್ಟು. ಬೆಳೆದ ಅಣ್ಣ ತಂಗಿಯರು ಒಟ್ಟಿಗಿರಬಾರದು ಎಂಬಲ್ಲಿ ಇಬ್ಬರೂ ಒಂದಾದರು. ಆಚೆಗೆ ದಾರಿ ಕವಲೊಡೆಯಿತು. ಅಮೆರಿಕನ್ನರಿಗೆ ಗಂಡ ಹೆಂಡತಿಯ ಜೋಡಿ ಒಡೆಯಬಾರದು, ಮಕ್ಕಳು ಸ್ವತಂತ್ರರಾಗಬೇಕು. ಒಡಿಯಾ ಜನರಿಗೆ ಎಳೆಯರನ್ನು ಒಂಟಿಯಾಗಿ ಬಿಡಬಾರದು, ಪ್ರಾಯಕ್ಕೆ ಬಂದ ಹುಡುಗಿಗೆ ಕಾವಲಿರಬೇಕು, ಬೆಳೆದ ಮಗನಿಗೆ ಅವನ ಹಿರಿಮೆಗೆ ತಕ್ಕ ಜಾಗ ಬೇಕು. ತಾಯಿ ಹೆಣ್ಣುಮಕ್ಕಳ ಜೊತೆ, ತಂದೆ ಗಂಡುಮಕ್ಕಳ ಜೊತೆ ಮಲಗಿದರೆ ಅವರಿಗೆ ಅದೊಂದು ಒಪ್ಪಬಹುದಾದ ಪರಿಹಾರ. ಎಳೆಯ ಮಗುವನ್ನು ಕತ್ತಲೆ ಕೋಣೆಯಲ್ಲಿ ಒಂದೇ ಮಲಗಿಸುವುದು ಅವರಿಗೆ ನಿರ್ದಯತೆಯಾಗಿ ಕಂಡಿತು. ಈ ಮಾತು ಓದುವಾಗ ನಮ್ಮ ಮನೆಗಳ ಹಿರಿಯರ ದನಿಯೇ ಕೇಳುತ್ತದೆ, ಆದರೆ ಒಡಿಶಾದ ಫಲಿತವನ್ನು ಕರ್ನಾಟಕಕ್ಕೆ ಹಾಗೆಯೇ ಇಳಿಸಲಾಗದು. ಇಲ್ಲಿಯೂ ಅದೇ ಒಗಟನ್ನು, ಹಲವು ಸೀಮೆಗಳಲ್ಲಿ, ಕೇಳಿ ನೋಡಬೇಕು.

ಮಂಚದ ನಾಡಿನ ಕತೆ ಬೇರೆ. ಇಂಗ್ಲೆಂಡಿನಲ್ಲಿ ಮಂಚ ಉಯಿಲಿನಲ್ಲಿ ಬರೆಯುವ ಆಸ್ತಿ. ಷೇಕ್ಸ್‌ಪಿಯರ್ 1616ರ ತನ್ನ ಉಯಿಲಿನಲ್ಲಿ ಹೆಂಡತಿಗೆ ಬಿಟ್ಟದ್ದು ಮನೆಯ ಎರಡನೆಯ ದರ್ಜೆಯ ಮಂಚವನ್ನು. ಅಂಥ ನಾಡಿನಲ್ಲೂ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಹಲವು ದಶಕ ದಂಪತಿಗಳಿಗೆ ಜೋಡಿ ಮಂಚಗಳೇ ನಾಗರಿಕತೆಯ ಗುರುತಾದವು. ಹಿಲರಿ ಹೈಂಡ್ಸ್ 2019ರ ತಮ್ಮ ಪುಸ್ತಕದಲ್ಲಿ ಇದನ್ನು ವಿವರವಾಗಿ ಕಟ್ಟಿಕೊಟ್ಟಿದ್ದಾರೆ: ಪಕ್ಕದವರ ಉಸಿರಿನಿಂದ ಕೆಟ್ಟ ಗಾಳಿ, ರೋಗಾಣು ತಾಗುತ್ತದೆಂಬ ಭಯದಿಂದ ಮೊದಲಾಗಿ ಮುಂದೆ ಆಧುನಿಕ ದಾಂಪತ್ಯದ ಬೆಡಗಾಗಿ ಅವು ಬೆಳೆದವು. ದಾಂಪತ್ಯದ ಬಗ್ಗೆ ಬರೆಯುತ್ತಿದ್ದ ಮೇರಿ ಸ್ಟೋಪ್ಸ್ ಅವುಗಳನ್ನು ಕಟುವಾಗಿ ವಿರೋಧಿಸಿದರು. ಒಂದೇ ಮಂಚ ಪಾಶ್ಚಾತ್ಯರ ಸನಾತನ ರೂಢಿ ಎಂದು ನಂಬಿರುವವರಿಗೆ ಈ ಇತಿಹಾಸ ಸಾಕು.

ನಿದ್ರಾ ಪ್ರಯೋಗಾಲಯಗಳು ಒಂದೇ ಮಂಚದ ಜೋಡಿಯನ್ನೇ ಹಿಡಿದು ಅಳೆದಿವೆ. 1994ರಲ್ಲಿ ಪ್ಯಾಂಕ್‌ಹರ್ಸ್ಟ್ ಮತ್ತು ಹಾರ್ನ್ ಬ್ರಿಟನ್ನಿನ 46 ಜೋಡಿಗಳ ಕೈಗೆ ಚಲನೆ ಅಳೆಯುವ ಉಪಕರಣ ಕಟ್ಟಿದಾಗ, ಪಕ್ಕದಲ್ಲಿ ಸಂಗಾತಿ ಇದ್ದರೆ ಕದಲಿಕೆ ಹೆಚ್ಚೆಂದು ಕಂಡಿತು; ಕೇಳಿದರೆ ಅವರು ಸಂಗಾತಿ ಇದ್ದಾಗಲೇ ನಿದ್ದೆ ಚೆನ್ನಾಗಿತ್ತೆಂದರು. 2020ರಲ್ಲಿ ಜರ್ಮನಿಯ ಕೀಲ್‌ನಲ್ಲಿ ಡ್ರೂಸ್ ಮತ್ತು ಸಂಗಡಿಗರು 12 ಎಳೆಯ ಜೋಡಿಗಳ ಇಬ್ಬರ ನಿದ್ದೆಯನ್ನೂ ಏಕಕಾಲದಲ್ಲಿ ದಾಖಲಿಸಿದರು. ಒಟ್ಟಿಗೆ ಮಲಗಿದ ರಾತ್ರಿಗಳಲ್ಲಿ ಕೈಕಾಲು ಹೆಚ್ಚು ಆಡಿದವು, ಆದರೆ ಕನಸುಗಳು ದಟ್ಟವಾಗುವ ರೆಮ್ ನಿದ್ರೆ ಸುಮಾರು ಶೇ. 10ರಷ್ಟು ಹೆಚ್ಚಿ, ಕಡಿಮೆ ತುಂಡಾಯಿತು. ದೇಹ ಕದಲಿದರೂ ನಿದ್ದೆ ಕೆಡಲಿಲ್ಲ ಎಂಬುದು ಆಲೋಚನೆಗೆ ಹಚ್ಚುವ ಫಲಿತಾಂಶ. ಹನ್ನೆರಡೇ ಜೋಡಿ, ಎಲ್ಲರೂ ಆರೋಗ್ಯವಂತರು ಎಂಬುದನ್ನು ಮರೆಯುವಂತಿಲ್ಲ. ಮಗು ಎದ್ದು ಅಳುವ, ಮಾವ ಕೆಮ್ಮುವ ಕೋಣೆಯ ನಿದ್ದೆಗೆ ಇದನ್ನು ಅಳತೆಗೋಲು ಮಾಡಲಾಗದು.

ನಮ್ಮ ಜನಗಣತಿ ಮಂಚವನ್ನು ಎಣಿಸುವುದಿಲ್ಲ, ಕೋಣೆಯನ್ನು ಎಣಿಸುತ್ತದೆ. ಅದರ ಮನೆಪಟ್ಟಿಯಲ್ಲಿ ಮನೆಯಲ್ಲಿರುವ ಕೋಣೆಗಳ ಸಂಖ್ಯೆಯ ಜೊತೆಗೆ ವಿವಾಹಿತ ದಂಪತಿಗಳ ಸಂಖ್ಯೆಯನ್ನೂ ಕೇಳುತ್ತಾರೆ. ಅಮಿತಾಭ್ ಕುಂಡು ಅಧ್ಯಕ್ಷತೆಯ ತಾಂತ್ರಿಕ ಗುಂಪು 2012ರಲ್ಲಿ ದೇಶದ ನಗರಗಳ ವಸತಿ ಕೊರತೆಯನ್ನು 187.8 ಲಕ್ಷ ಮನೆಗಳೆಂದು ಅಂದಾಜಿಸಿತು. ಅದರಲ್ಲಿ 149.9 ಲಕ್ಷ ಬಂದದ್ದು ಇಕ್ಕಟ್ಟಿನ ಬಾಬ್ತಿನಿಂದ, ಎಂದರೆ ದಂಪತಿಗಳಿಗೆ ಪ್ರತ್ಯೇಕ ಕೋಣೆ ಇಲ್ಲದ ಮನೆಗಳ ಲೆಕ್ಕದಿಂದ. ಸೂರೇ ಇಲ್ಲದವರು 5.3 ಲಕ್ಷ. ಕೊರತೆಯ ಐದರಲ್ಲಿ ನಾಲ್ಕು ಪಾಲು ದಂಪತಿಗಳ ರಾತ್ರಿಗೆ ಸಂಬಂಧಿಸಿದ್ದು ಎಂಬುದನ್ನು ವಸತಿಯ ಚರ್ಚೆಗಳು ಗಟ್ಟಿಯಾಗಿ ಹೇಳುವುದಿಲ್ಲ. ಸಂಕೋಚ ಅಡ್ಡ ಬರುತ್ತದೆ. ಈ ಲೆಕ್ಕ ನನಗೆ ಮಾನವೀಯವಾಗಿ ಕಾಣುತ್ತದೆ. ಒಂದೇ ಕೋಣೆಯ ಮನೆಯಲ್ಲಿ ಬೆಳೆದ ಮಕ್ಕಳ ಎಚ್ಚರಕ್ಕೆ ಹೆದರಿ ವರ್ಷಗಟ್ಟಲೆ ಬದುಕುವ ಹೆಣ್ಣುಗಂಡುಗಳ ಕಷ್ಟವನ್ನು ಯಾವ ಸಂಪ್ರದಾಯದ ಹೆಸರಿನಲ್ಲೂ ಹಗುರ ಮಾಡಬಾರದು.

ಆದರೆ ಕೋಣೆ ದೊರೆತ ಮೇಲೆ ಅದರೊಳಗೆ ಏನು ಬರುತ್ತದೆ ಎಂದೂ ನೋಡಬೇಕು. ಮದುವೆಯಲ್ಲಿ ತವರಿನವರು ಬೀರುವಿನ ಜೊತೆ ಮಂಚ ಹಾಸಿಗೆ ಕೊಡುವ ರೂಢಿ ಹಲವೆಡೆ ಇದೆ. ಹತ್ತಡಿಗೆ ಹತ್ತಡಿಯ ಕೋಣೆಗೆ ಆರಡಿ ಅಗಲ, ಆರೂವರೆ ಅಡಿ ಉದ್ದದ ಕಿಂಗ್ ಸೈಜ್ ಮಂಚ ಬಂದರೆ 39 ಚದರ ಅಡಿ ಹೋಯಿತು. ಉಳಿಯುವುದು ಒಂದು ಬದಿಗೆ ನಾಲ್ಕಡಿ, ಕಾಲ ಬಳಿ ಮೂರೂವರೆ ಅಡಿ. ಬೀರು ನಿಂತರೆ ಅದೂ ಕರಗುತ್ತದೆ. ಮೂರಡಿಗೆ ಆರಡಿಯ ಚಾಪೆಗಳಾದರೆ ಅದೇ ನೆಲದಲ್ಲಿ ನಾಲ್ಕು ಜನ ಮಲಗಿ, ಓಡಾಡಲು ದಾರಿಯೂ ಉಳಿಯುತ್ತಿತ್ತು. ಮಂಚ ಬಂದ ಕೋಣೆಯಲ್ಲಿ ಅಜ್ಜಿಗೆ ಹಾಸಲು ಜಾಗವಿಲ್ಲ, ಅವಳು ಹಾಲ್‌ನ ದಿವಾನಕ್ಕೆ ಹೋಗುತ್ತಾಳೆ. ಗಂಡನಿಗೆ ಗೊರಕೆ, ಹೆಂಡತಿಗೆ ಬೆಳಗಿನ ಪಾಳಿ ಎಂದಾದರೆ ಒಬ್ಬರು ಹೊರಬರಬೇಕು, ಹಾಗೆ ಬಂದದ್ದು ಮನೆಯವರೆಲ್ಲರಿಗೂ ಕಾಣುತ್ತದೆ. ಚಾಪೆಯನ್ನು ಎರಡಡಿ ಆಚೆ ಎಳೆದರೆ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ.

ಕ್ಷೇತ್ರಕಾರ್ಯಕ್ಕೆ ಹೋಗುವವರಿಗೆ ಒಂದು ಮಾತು. ‘ನೀವು ಗಂಡ ಹೆಂಡತಿ ಎಲ್ಲಿ ಮಲಗುತ್ತೀರಿ’ ಎಂದು ಕೇಳಬೇಡಿ. ಕನ್ನಡದಲ್ಲಿ ‘ಜೊತೆಗೆ ಮಲಗು’ ಎಂಬುದಕ್ಕೆ ಎರಡು ಅರ್ಥವಿದೆ, ಎದುರಿಗಿರುವ ಅಮ್ಮ ತಲೆ ತಗ್ಗಿಸಿ ಒಳಗೆ ಹೋಗುತ್ತಾರೆ. ‘ನಿನ್ನೆ ರಾತ್ರಿ ಎಲ್ಲೆಲ್ಲಿ ಹಾಸಿದ್ರಿ, ಯಾರ ಪಕ್ಕ ಯಾರಿಗೆ ಹಾಸಿದ್ರಿ’ ಎಂದು ಕೇಳಿ. ಮನೆಯ ನಕ್ಷೆಯ ಮೇಲೆ ಒಂದೊಂದೇ ಚಾಪೆ ಬರೆದುಕೊಳ್ಳಿ. ವಾರ ಬಿಟ್ಟು ಮತ್ತೆ ಹೋಗಿ ಅದೇ ಪ್ರಶ್ನೆ ಕೇಳಿ. ನಕ್ಷೆ ಬದಲಾಗಿದ್ದರೆ, ಯಾರು ಬದಲಾಯಿಸಿದರು ಎಂಬುದನ್ನು ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ.